ಕಾರ್ಡ್ ತಟ್ಟುವ ಲಯ ನೋಡಿ ‘ಇವನೇ ಅವನು’ ಅನ್ನಬಹುದಾ?

ಮಾಳಮಡ್ಡಿ_ರೀಡಿಂಗ್‌ರೂಮ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಚಹಾ ತಗೊಂಡು ಕೂತು ಓದಿ.

ಧಾರವಾಡದಲ್ಲಿ ನನ್ನದೊಂದು ರೀಡಿಂಗ್ ರೂಮ್ ಇದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದುವ ಹುಡುಗ ಹುಡುಗಿಯರು ತಿಂಗಳ ದುಡ್ಡು ಕಟ್ಟಿ ಬಂದು ಕೂರುತ್ತಾರೆ. 64 ಕುರ್ಚಿ, 64 ಕಾರ್ಡು. ಬೆಳಗ್ಗೆ 6ಕ್ಕೆ ಬಾಗಿಲು ತೆರೆದರೆ ರಾತ್ರಿ 11ರ ತನಕ. ಬಾಗಿಲಿನ ಲಾಕ್ ನಾನೇ ಮಾಡಿದ್ದು. ಇಎಸ್‌ಪಿ32 ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಚಿಪ್, ಕಾರ್ಡ್ ಓದುವ ಒಂದು ಆರ್‌ಸಿ522 ರೀಡರ್, ಬೀಪ್ ಅನ್ನುವ ಒಂದು ಬಜರ್. ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಮಾಡುತ್ತಿರುವುದು ಕುರ್ಚಿ ಬಾಡಿಗೆ. ಇರಲಿ.

ತೊಂದರೆ ಏನೆಂದರೆ, ಒಂದೇ ಕಾರ್ಡಿನಲ್ಲಿ ಇಬ್ಬರು. ಬೆಳಗ್ಗೆ ಒಬ್ಬ, ಸಂಜೆ ಅವನ ರೂಮ್‌ಮೇಟ್. ದುಡ್ಡು ಮಾತ್ರ ಒಬ್ಬನದ್ದು. ಹಿಂದೆ ಬೆರಳಚ್ಚಿನ ಯಂತ್ರ ಇಟ್ಟಿದ್ದೆ. ಹೊಲದ ಕೆಲಸ ಮಾಡಿ ಬೆರಳು ಸವೆದ ಹುಡುಗರು ಐದೈದು ಸಲ ಒತ್ತಬೇಕಾಗುತ್ತಿತ್ತು. ಚಳಿಗಾಲದ ಬೆಳಗ್ಗೆ ಬಾಗಿಲ ಮುಂದೆ ಸಾಲು, ಬೈಗುಳ. ಬೇರೆಯವರ ಬೆರಳಚ್ಚನ್ನು ನನ್ನ ಹಳೇ ಕಂಪ್ಯೂಟರಿನಲ್ಲಿ ತುಂಬಿಟ್ಟುಕೊಳ್ಳುವುದೂ ಯಾಕೋ ಸರಿ ಅನ್ನಿಸಲಿಲ್ಲ. ತೆಗೆದುಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮೇಜು ಬಾಗಿಲಿಗೆ ಬೆನ್ನು ಹಾಕಿದೆ. ಎರಡು ವರ್ಷ ಹಾಗೇ ಕೂತು ಕೂತು, ಬೀಪ್ ಕೇಳಿದರೆ ಸಾಕು, ಯಾರು ಬಂದರು ಅಂತ ತಿರುಗದೇ ಗೊತ್ತಾಗುತ್ತದೆ. ಒಬ್ಬನಿದ್ದಾನೆ, ಮೊದಲ ಸಲಕ್ಕೇ ಬಾಗಿಲು ತೆರೆದರೂ ಎರಡನೇ ಸಲ ತಟ್ಟಿಯೇ ತಟ್ಟುತ್ತಾನೆ. ಇನ್ನೊಬ್ಬ ಇಡೀ ಪರ್ಸನ್ನು ರೀಡರಿಗೆ ಅಂಟಿಸಿದ ಹಾಗೆ ಹಿಡಿಯುತ್ತಾನೆ, ಲಾಕ್ ‘ಟಕ್’ ಅಂದ ಮೇಲೂ ಬಿಡುವುದಿಲ್ಲ. ಒಬ್ಬಳು ಬೆಂಕಿಕಡ್ಡಿ ಗೀರಿದ ಹಾಗೆ ಕಾರ್ಡನ್ನು ಪಕ್ಕದಿಂದ ಸವರಿಕೊಂಡು ಒಳಗೆ ಬಂದಿರುತ್ತಾಳೆ.

ನನ್ನ ಕಿವಿಗೆ ಗೊತ್ತಾಗುವುದು ಇಎಸ್‌ಪಿ32ಗೂ ಗೊತ್ತಾಗಬೇಕಲ್ವಾ? ಹಾಗಾಗಿ ಎಂಟು ದಿನದಿಂದ ಲೆಕ್ಕ ಬರೆಸುತ್ತಿದ್ದೇನೆ. ಕಾರ್ಡ್ ಎಷ್ಟು ಹೊತ್ತು ರೀಡರ್ ಮುಂದೆ ಇತ್ತು, ತೆಗೆದ ಮೇಲೆ ಮತ್ತೆ ಬರಲು ಎಷ್ಟು ಹೊತ್ತು, ಎಲ್ಲ ಮಿಲಿಸೆಕೆಂಡಿನಲ್ಲಿ. ಆ ಎರಡು ಸಲ ತಟ್ಟುವ ಹುಡುಗನ ನಾಲ್ಕು ಬೆಳಗ್ಗೆಯದು ಇಲ್ಲಿದೆ. ಮೊದಲು ಹಿಡಿದದ್ದು, ಆಮೇಲೆ ಬಿಡುವು, ಮತ್ತೆ ಹಿಡಿದದ್ದು:

210, 340, 160
190, 360, 170
230, 330, 150
90, 30, 80, 310, 60, 30, 70

ಮೊದಲ ಮೂರು ನೋಡಿ ಕುಣಿದಾಡಿದೆ. ನಾಲ್ಕನೆಯದು ನೋಡಿ ತಲೆ ಕೆಟ್ಟಿತು. ಅವತ್ತು ಅವನ ಕೈ ನಡುಗುತ್ತಿತ್ತಾ? ಪ್ರಿಲಿಮ್ಸ್ ರಿಸಲ್ಟ್ ದಿನವೂ ಅಲ್ಲ!

ಕೇಳಬೇಕಾದ್ದು ಇಷ್ಟು. ಈ ಲಯ ನಂಬಿ ಬಾಗಿಲು ತೆರೆಯುವುದು, ತೆರೆಯದಿರುವುದು ಮಾಡಬಹುದಾ? ಅಥವಾ ಪ್ರತಿಯೊಬ್ಬರಿಗೂ ಒಂದೊಂದು ಗುಟ್ಟಿನ ತಾಳ ಕೊಟ್ಟು, ಹಾಗೇ ತಟ್ಟಿ ಅನ್ನುವುದು ಒಳ್ಳೆಯದಾ?

ಸುಮ್ನೆ_ಓದುಗ

ಕ್ಯಾಮೆರಾ ಹಾಕಿ ಮುಗಿಸಿ ಸರ್. ಇಷ್ಟಕ್ಕೆಲ್ಲ ಯಾಕೆ ಪಿಎಚ್‌ಡಿ?

ಮಾಳಮಡ್ಡಿ_ರೀಡಿಂಗ್‌ರೂಮ್

ಕ್ಯಾಮೆರಾ ಇದೆ. ದಿನಕ್ಕೆ 17 ಗಂಟೆಯ ವಿಡಿಯೊ ನೋಡುವವರು ಯಾರು? ನೀವು ಬರುತ್ತೀರಾ? ಊಟ ಚಹಾ ನನ್ನ ಖರ್ಚು.

ಬೆಸುಗೆ_ಕಡ್ಡಿ

ಹುಡುಗನನ್ನು ಬಿಡಿ, ಮೊದಲು ರೀಡರನ್ನು ಅನುಮಾನಿಸಿ. ನಾಲ್ಕನೇ ಸಾಲನ್ನು ಹೀಗೆ ಓದಿ: 90, 30, 80 ಕೂಡಿಸಿದರೆ 200. ಬಿಡುವು 310. 60, 30, 70 ಕೂಡಿಸಿದರೆ 160. ಅಂದರೆ 200, 310, 160. ನಿಮ್ಮ ಹುಡುಗ ದಿನಾ ತಟ್ಟುವ ಹಾಗೇ ತಟ್ಟಿದ್ದಾನೆ. ನಡುವೆ ಒಂದೊಂದು ಸಲ ರೀಡರಿಗೆ ಕಾರ್ಡ್ ಕಾಣದೆ ಹೋಗಿದೆ, ಅಷ್ಟೇ. ಎರಡೂ ಕಡೆ ಅದೇ 30 ಇದೆ, ಗಮನಿಸಿ. ಅದು ಮನುಷ್ಯನ ಕೈಯಲ್ಲ. ಆರ್‌ಸಿ522ಕ್ಕೆ ಎಲ್ಲರೂ ಬಳಸುವ ಸಿದ್ಧ ಕೋಡು, ಅಂದರೆ ಮಾಮೂಲಿ ಆರ್ಡುಯಿನೊ ಲೈಬ್ರರಿ, ಕಾರ್ಡಿನ ಉತ್ತರಕ್ಕೆ 25 ಮಿಲಿಸೆಕೆಂಡ್ ಕಾಯುತ್ತದೆ. ಒಂದು ಸಲ ಕೇಳಿ, ಉತ್ತರ ಬಾರದೆ, ಮತ್ತೆ ಕೇಳುವಷ್ಟರಲ್ಲಿ 30 ಆಗಿರುತ್ತದೆ.

ನಿಮ್ಮ ಬಾಗಿಲು ಕಬ್ಬಿಣದ ಗ್ರಿಲ್ ಅಂತ ನನ್ನ ಊಹೆ. ರೀಡರನ್ನು ಸೀದಾ ಅದಕ್ಕೇ ಬಿಗಿದಿದ್ದೀರಿ. ಸರಿನಾ? 13.56 ಮೆಗಾಹರ್ಟ್ಸ್‌ನ ಕಾಂತಕ್ಷೇತ್ರ ಲೋಹಕ್ಕೆ ತಾಗಿದರೆ ಲೋಹದೊಳಗೆ ಸುಳಿಯ ಹಾಗೆ ಕರೆಂಟ್ ಹರಿಯುತ್ತದೆ, ಅದು ಮೂಲ ಕ್ಷೇತ್ರಕ್ಕೇ ಎದುರು ನಿಲ್ಲುತ್ತದೆ. ಆಂಟೆನಾದ ಶ್ರುತಿಯೂ ತಪ್ಪುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ದೂರದಿಂದ ಸಿಗಬೇಕಾದ ಕಾರ್ಡ್ ಮೈಗೆ ತಾಗಿಸಿದರೆ ಮಾತ್ರ ಸಿಗುತ್ತದೆ. ಅಂಥ ಕಡೆ ಕೈ ಸ್ವಲ್ಪ ಅಲುಗಿದರೂ ಕಾರ್ಡ್ ಹೋಯಿತು, ಬಂತು, ಹೋಯಿತು. ನಡುವೆ ಒಂದು ದಪ್ಪ ಮರದ ತುಂಡು ಇಡಿ. ಇಲ್ಲವೇ ಕಾಂತಕ್ಷೇತ್ರ ಲೋಹಕ್ಕೆ ತಾಗದಂತೆ ತಡೆಯುವ ಫೆರೈಟ್ ಹಾಳೆಯನ್ನು ಹಿಂದೆ ಅಂಟಿಸಿ.

ಇನ್ನೊಂದು ಕಿತಾಪತಿ ಇದೆ. ‘ಯಾರಾದರೂ ಇದ್ದೀರಾ’ ಅಂತ ಕಾರ್ಡನ್ನು ಕೇಳುವ ಆಜ್ಞೆ ಎರಡು ಇವೆ. ಒಂದು ರಿಕ್ವೆಸ್ಟ್, ಒಂದು ವೇಕ್‌ಅಪ್. ಒಮ್ಮೆ ಓದಿ ಮಲಗಿಸಿದ ಕಾರ್ಡ್ ಮೊದಲನೆಯದಕ್ಕೆ ಉತ್ತರ ಕೊಡುವುದಿಲ್ಲ, ಎರಡನೆಯದಕ್ಕೆ ಕೊಡುತ್ತದೆ. ಎಲ್ಲರೂ ನಕಲು ಹೊಡೆಯುವ ಕೋಡಿನಲ್ಲಿ ಮೊದಲನೆಯದೇ ಇರುತ್ತದೆ. ಕಾರ್ಡ್ ಮುಂದೆಯೇ ಇದ್ದರೂ, ಮಲಗಿಸಿದ್ದರೆ ಇಲ್ಲವೇ ಇಲ್ಲ ಅನ್ನುತ್ತದೆ, ಮಲಗಿಸದಿದ್ದರೆ ಒಂದು ಸಲ ಇದೆ, ಒಂದು ಸಲ ಇಲ್ಲ ಅನ್ನುತ್ತದೆ. ಹೊಸ ಕಾರ್ಡ್ ಬಂತಾ ಅಂತ ನೋಡಲು ಅದು ಸಾಕು. ಕಾರ್ಡ್ ಯಾವಾಗ ಹೋಯಿತು ಅಂತ ತಿಳಿಯಲು ಸಾಲದು. ವೇಕ್‌ಅಪ್ ಕಳಿಸುತ್ತಾ ಇರಿ. ಸತತ ಮೂರು ಸಲ ಉತ್ತರ ಬಾರದಿದ್ದರೆ ಮಾತ್ರ ಹೋಯಿತು ಅಂತ ಬರೆದುಕೊಳ್ಳಿ, ಹೋದ ಹೊತ್ತು ಮಾತ್ರ ಮೊದಲನೇ ಸೋಲಿನದ್ದು. ಕಾಯುವ ಟೈಮರನ್ನೂ ಇಳಿಸಬಹುದು. ಈ ಆಜ್ಞೆಗೆ ಕಾರ್ಡ್ ಉತ್ತರ ಕೊಡಲು ಒಂದು ಮಿಲಿಸೆಕೆಂಡೂ ಬೇಡ.

ಮತ್ತೆ, ಬಜರಿಗೆ ಅಂತ ಕೋಡಿನಲ್ಲಿ ಎಲ್ಲಾದರೂ ಡಿಲೇ, ಅಂದರೆ ‘ಇಷ್ಟು ಹೊತ್ತು ಸುಮ್ನೆ ಕಾಯಿ’ ಅನ್ನುವ ಆಜ್ಞೆ, ಹಾಕಿದ್ದೀರಾ? ಬೀಪ್ ಆಗುವಷ್ಟು ಹೊತ್ತು ಚಿಪ್ ಕುರುಡಾಗಿರುತ್ತದೆ. ನೋಡಿಕೊಳ್ಳಿ.

ತಂತಿಮನೆ

ಬೀಪ್ ಕೇಳಿ ಆಳು ಗುರುತಿಸುತ್ತೇನೆ ಅಂದಿರಲ್ಲ, ನಮ್ಮ ತಂದೆಯ ನೆನಪಾಯಿತು. ಅವರು ತಂತಿ ಆಫೀಸಿನಲ್ಲಿ ಇದ್ದವರು. ನಮ್ಮ ದೇಶದ ತಂತಿ ಸೇವೆ 2013ರ ಜುಲೈನಲ್ಲಿ ಮುಚ್ಚಿತು. ಅದಕ್ಕೂ ಎಷ್ಟೋ ಮೊದಲೇ ಚುಕ್ಕೆ ಗೆರೆಗಳಲ್ಲಿ ಕುಟ್ಟಿ ಕಳಿಸುವ ಮೋರ್ಸ್ ಸಂಕೇತ ಹೋಗಿ ಟೆಲಿಪ್ರಿಂಟರ್ ಬಂದಿತ್ತು. ಆದರೆ ಅಪ್ಪನ ಬಲಗೈಯಿಂದ ಮೋರ್ಸ್ ಹೋಗಲಿಲ್ಲ. ಊಟಕ್ಕೆ ತಡವಾದರೆ ತಟ್ಟೆಯ ಅಂಚಿನ ಮೇಲೆ ಬೆರಳಲ್ಲಿ ಕುಟ್ಟುತ್ತಿದ್ದರು. ಅಮ್ಮನಿಗೆ ಮೋರ್ಸ್ ಬಾರದಿದ್ದರೂ ಅದು ಮಾತ್ರ ಅರ್ಥವಾಗುತ್ತಿತ್ತು.

ಅವರು ಹೇಳುತ್ತಿದ್ದದ್ದು: ಆ ಕಡೆಯಿಂದ ನಾಲ್ಕು ಶಬ್ದ ಬರುವಷ್ಟರಲ್ಲಿ ಇವತ್ತು ಕೀ ಹಿಡಿದವನು ಯಾರು ಅಂತ ಗೊತ್ತಾಗುತ್ತಿತ್ತಂತೆ. ಒಬ್ಬ ಗೆರೆಯನ್ನು ಎಳೆದು ಎಳೆದು ಹೊಡೆಯುತ್ತಾನೆ, ಒಬ್ಬ ಚುಕ್ಕೆಗಳನ್ನು ನುಂಗುತ್ತಾನೆ. ‘ಕೈ’ ಅನ್ನುತ್ತಿದ್ದರು ಅದಕ್ಕೆ. ‘ಇವತ್ತು ಅವರ ಕೈ ಸರಿ ಇಲ್ಲ, ಜ್ವರ ಇರಬೇಕು’ ಅನ್ನುವ ಮಟ್ಟಿಗೆ. ಇಂಗ್ಲಿಷ್‌ನವರು ಮುಷ್ಟಿ ಅನ್ನುತ್ತಿದ್ದರು, ಫಿಸ್ಟ್ ಅಂತ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕದ್ದು ಕೇಳುವ ಠಾಣೆಗಳಲ್ಲಿ ಜರ್ಮನ್ ಆಪರೇಟರುಗಳನ್ನು ಹೀಗೇ ಗುರುತು ಹಿಡಿದು, ಯಾವ ದಳ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಲೆಕ್ಕ ಹಾಕುತ್ತಿದ್ದರು. ಸಂದೇಶ ಬಿಡಿಸಲು ಆಗದಿದ್ದಾಗಲೂ ಕೈ ಗುರುತಾಗುತ್ತಿತ್ತು.

ಆದರೆ ಸ್ವಾಮಿ, ಒಂದು ಚಿಕ್ಕ ತಂತಿ ಅಂದರೂ ನೂರಾರು ಕುಟ್ಟು. ನಿಮ್ಮ ಹುಡುಗ ಕುಟ್ಟುವುದು ಎರಡು. ಎರಡು ಅಕ್ಷರ ನೋಡಿ ಇದು ಯಾರ ಕೈಬರಹ ಅಂದ ಹಾಗಾಗುತ್ತದೆ.

ಮದ್ದಳೆ_ಮನೆ_ಶಿರಸಿ

ಗುಟ್ಟಿನ ತಾಳದ ಬಗ್ಗೆ ನಾನು ಹೇಳುತ್ತೇನೆ. ಹಗಲು ಕೋಡ್ ಬರೆಯುತ್ತೇನೆ, ಮಳೆಗಾಲ ಕಳೆದ ಮೇಲೆ ರಾತ್ರಿ ಮದ್ದಳೆ. ಎರಡರಲ್ಲೂ ಪೆಟ್ಟು ತಿಂದಿದ್ದೇನೆ.

ಮಿಲಿಸೆಕೆಂಡ್ ಹೋಲಿಸಬೇಡಿ ಮಾರಾಯ್ರೆ. ಅವಸರದಲ್ಲಿದ್ದಾಗ ಒಂದು ಕಾಲ, ಅಂದರೆ ವೇಗ, ಹೊಟ್ಟೆ ತುಂಬಿದ್ದಾಗ ಒಂದು ಕಾಲ. ಕಾಲ ಬದಲಾದರೂ ತಾಳ ಬದಲಾಗುವುದಿಲ್ಲ. ಖಂಡ ಚಾಪು ತಗೊಳ್ಳಿ, ತಕ ತಕಿಟ. ನಿಧಾನ ಹಾಕಿದರೂ ಜೋರಾಗಿ ಹಾಕಿದರೂ ಎರಡಕ್ಕೆ ಮೂರು. ಹಾಗಾಗಿ ಪ್ರತಿ ಬಿಡುವನ್ನು ಒಟ್ಟು ಹೊತ್ತಿನಿಂದ ಭಾಗಿಸಿ, ಪಾಲು ಎಷ್ಟು ಅಂತ ನೋಡಿ. ಒಂದೇ ಒಂದು ಬಟನ್ ಮೇಲೆ ತಾಳ ಕುಟ್ಟಿ ಪಾಸ್‌ವರ್ಡ್ ಮಾಡುವ ‘ಟ್ಯಾಪ್‌ಸಾಂಗ್ಸ್’ ಅನ್ನುವ ಕೆಲಸವನ್ನು ಜೇಕಬ್ ವೊಬ್ರಾಕ್ ಅನ್ನುವವರು 2009ರಲ್ಲೇ ಮಾಡಿದ್ದಾರೆ. ಅಲ್ಲೂ ಕುಟ್ಟಿದ ವೇಗಕ್ಕೆ ಸರಿಯಾಗಿ ಹೊತ್ತನ್ನು ಹಿಗ್ಗಿಸಿ ಕುಗ್ಗಿಸಿಯೇ ಹೋಲಿಸುವುದು.

ಆದರೆ ಲೆಕ್ಕ ಹಾಕಿದರೆ ಸಪ್ಪೆ. ನಾಲ್ಕು ಸಲ ತಟ್ಟಿದರೆ ನಾಲ್ಕು ಹಿಡಿತ, ಮೂರು ಬಿಡುವು. ಪ್ರತಿಯೊಂದೂ ಗಿಡ್ಡ ಅಥವಾ ಉದ್ದ ಅಂತ ಇಟ್ಟುಕೊಂಡರೆ ಒಟ್ಟು 128 ತಾಳ. ನಾಲ್ಕಂಕಿಯ ಪಿನ್ ಅಂದರೆ 10,000. ಅದರಲ್ಲೂ ಜನರಿಗೆ ‘ನಿಮಗೆ ಇಷ್ಟವಾದ ತಾಳ ಹಾಕಿ’ ಅಂದು ನೋಡಿ, ಅರ್ಧಕ್ಕರ್ಧ ‘ಡಂಡಣಕ ಡಂ’ ಅನ್ನುತ್ತಾರೆ.

ಇದಕ್ಕಿಂತ ದೊಡ್ಡ ತೂತು ಬೇರೆ ಇದೆ. ನಿಮ್ಮ ಬಜರ್. ಪ್ರತಿ ತಟ್ಟಿಗೂ ಅದು ಬೀಪ್ ಅನ್ನುತ್ತದೆ. ಗುಟ್ಟನ್ನು ಡಂಗುರ ಸಾರಿದ ಹಾಗೆ.

ವಾಲ್_ನದಿ_ದಂಡೆ

ನಾನಿರುವುದು ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿ, ಊರು ಗದಗ. ಈ ವಿಷಯಕ್ಕೂ ನಾನಿರುವ ಊರಿಗೂ ಒಂದು ಸಂಬಂಧ ಇದೆ, ಕೊನೆಗೆ ಹೇಳುತ್ತೇನೆ.

ನೀವು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಚೀಲಕ್ಕೆ ಹಾಕಿದ್ದೀರಿ. ಗುಟ್ಟಿನ ತಾಳ ಅಂದರೆ ಗೊತ್ತಿರುವ ಸಂಗತಿ. ರೂಮ್‌ಮೇಟ್‌ಗೆ ಕಾರ್ಡ್ ಕೊಡುವವನು ತಾಳವನ್ನೂ ಹೇಳಿಕೊಡುತ್ತಾನೆ. ನಿಮ್ಮ ಸಮಸ್ಯೆ ಕಳ್ಳನದ್ದಲ್ಲ, ಸ್ನೇಹಿತನದ್ದು. ಕಾರ್ಡ್ ಕದ್ದವನಿಗೆ ತಾಳ ಅಡ್ಡಿ, ಕಾರ್ಡ್ ಪಡೆದವನಿಗೆ ಅಲ್ಲ. ಹಾಗಾಗಿ ನಿಮಗೆ ಬೇಕಾದ್ದು ಎರಡನೆಯದು, ತಂತಿಮನೆಯವರು ಹೇಳಿದ ‘ಕೈ’. ಅದನ್ನು ಯಾರೂ ಸಾಲ ಕೊಡಲು ಆಗುವುದಿಲ್ಲ.

ಕೈ ಎಷ್ಟು ನಂಬಬಹುದು? ಕೀಬೋರ್ಡ್ ಒತ್ತುವ ಹೊತ್ತಿನ ಮೇಲೆ ಇಂಥ ಕೆಲಸ ತುಂಬ ಹಳೆಯದು. ಅಮೆರಿಕದ ರ‍್ಯಾಂಡ್ ಸಂಸ್ಥೆಯ ವರದಿ 1980ರದು. ನನಗೆ ಇಷ್ಟವಾದದ್ದು 2009ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಿಲೂರಿ ಮತ್ತು ಮ್ಯಾಕ್ಸಿಯನ್ ಮಾಡಿದ್ದು. 51 ಜನ, ಒಂದೇ ಪಾಸ್‌ವರ್ಡ್, ಒಬ್ಬೊಬ್ಬರೂ 400 ಸಲ ಒತ್ತಿದರು. 14 ಬಗೆಯ ಲೆಕ್ಕಗಳನ್ನು ಒಂದಕ್ಕೊಂದು ಹೋಲಿಸಿದರು. ಗೆದ್ದದ್ದು ಬಲು ಸರಳವಾದದ್ದು. ಅದರ ಸಮ ತಪ್ಪಿನ ಪ್ರಮಾಣ 9.6%. ಅಂದರೆ ನಿಜವಾದವನನ್ನು ಹೊರಗೆ ಹಾಕುವ ತಪ್ಪೂ ಸುಳ್ಳನನ್ನು ಒಳಗೆ ಬಿಡುವ ತಪ್ಪೂ ಒಂದೇ ಆಗುವ ಹಾಗೆ ಗೆರೆ ಎಳೆದರೆ, ಎರಡೂ ಸುಮಾರು ನೂರಕ್ಕೆ ಹತ್ತು.

ನಿಮ್ಮ ಬಾಗಿಲಿಗೆ ಹಚ್ಚಿ ನೋಡಿ. 64 ಜನ, ದಿನಕ್ಕೆ ಎರಡು ಸಲ ಬಂದರೆ 128 ಸಲ. ನೂರಕ್ಕೆ ಹತ್ತು ತಪ್ಪಾದರೆ ದಿನಕ್ಕೆ 12 ಜನ ದುಡ್ಡು ಕೊಟ್ಟೂ ಹೊರಗೆ ನಿಂತಿರುತ್ತಾರೆ. ಅದೂ ಹತ್ತು ಅಕ್ಷರ ಒತ್ತಿದವರ ಲೆಕ್ಕ. ನಿಮ್ಮವರು ಒಂದೆರಡು ತಟ್ಟು. ಬಾಗಿಲಿಗೆ ಇದನ್ನು ಕಟ್ಟಬೇಡಿ, ಗಲಾಟೆ ಆಗುತ್ತದೆ.

ಆ ಸರಳ ಲೆಕ್ಕ ಮಾತ್ರ ಬಳಸಿ. ಅವನ ಮಾಮೂಲಿ ಎಷ್ಟು, ಅದರಿಂದ ಇವತ್ತು ಎಷ್ಟು ದೂರ, ಆ ದೂರವನ್ನು ಅವನ ಮಾಮೂಲಿ ಅಲುಗಾಟದಿಂದ ಭಾಗಿಸಿ. ಎಲ್ಲವನ್ನೂ ಕೂಡಿಸಿ. ನಿಮ್ಮ ಹುಡುಗನದ್ದೇ ಹಾಕಿದ್ದೇನೆ, ನಾಲ್ಕನೇ ದಿನವನ್ನು ಬೆಸುಗೆಯವರು ಹೊಲಿದ ಹಾಗೆ ಹೊಲಿದು. ನಡುವಿನ ಬೆಲೆ 205, 335, 160. ಅಲುಗಾಟ 12.5, 15, 5. ನಾಲ್ಕನೇ ದಿನದ ದೂರ ಕೂಡಿಸಿದರೆ 2ರ ಆಸುಪಾಸು. ಯಾರೋ ಒಬ್ಬ 480, 600, 300 ಅಂತ ತಟ್ಟಿದ ಅಂತ ಇಟ್ಟುಕೊಳ್ಳಿ. 22, 18, 28. ಒಟ್ಟು 68. ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ದಿನ ಬಹಳ ಕಡಿಮೆ, ಮೂರು ವಾರ ಬರೆಸಿ. ಹೊಸಬರ ಮೊದಲ ಹತ್ತು ಸಲ ಲೆಕ್ಕಕ್ಕೆ ಬೇಡ, ಕೈ ಇನ್ನೂ ಕೂತಿರುವುದಿಲ್ಲ. ಬಾಗಿಲು ಯಾವಾಗಲೂ ತೆರೆಯಲಿ. ದೂರ ಜಾಸ್ತಿ ಬಂದರೆ ನಿಮ್ಮ ಪರದೆಯಲ್ಲಿ ಒಂದು ಹಳದಿ ಚುಕ್ಕೆ, ಸಾಕು. ಆಗ ತಿರುಗಿ ನೋಡಿ. ಮತ್ತೆ, ಏನು ಬರೆದಿಡುತ್ತಿದ್ದೀರಿ ಅಂತ ಅವರಿಗೆ ಮೊದಲೇ ಹೇಳಿ. ಕೈಯ ಲಯ ಕೂಡ ಬೆರಳಚ್ಚಿನ ದಾಯಾದಿಯೇ.

ಕಾರ್ಡಿನ ಕಡೆಯಿಂದಲೇ ಇದನ್ನು ಮಾಡಿದವರೂ ಇದ್ದಾರೆ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಇಂಟೆಲ್‌ನವರು ಚಲನೆ ತಿಳಿಯುವ ಸೆನ್ಸರ್ ಇರುವ ಟ್ಯಾಗ್ (ನಿಮ್ಮ ಕಾರ್ಡಿನ ಹಾಗೆಯೇ ರೀಡರಿಗೆ ಉತ್ತರ ಕೊಡುವ ಚಿಪ್) ತಗೊಂಡು ‘ಗುಟ್ಟಿನ ಕೈಕುಲುಕು’ ಮಾಡಿದರು. ಟ್ಯಾಗನ್ನು ಒಂದು ಬಗೆಯಲ್ಲಿ ಆಡಿಸಿದರೆ ಮಾತ್ರ ಅದು ರೀಡರಿಗೆ ಬಾಯಿ ಬಿಡುತ್ತದೆ. ಜೇಬಿನಲ್ಲಿ ಸುಮ್ನೆ ಇರುವ ಕಾರ್ಡಿನ ಹತ್ತಿರ ಒಬ್ಬ ಜಿಗಣೆಯ ಹಾಗೆ ರೀಡರ್ ತಂದು, ಅದರ ಉತ್ತರವನ್ನು ದೂರದ ಬಾಗಿಲಲ್ಲಿರುವ ಜೊತೆಗಾರನಿಗೆ ಕಳಿಸುವ ಮೋಸಕ್ಕೆ ಅದು ತಡೆ. ಬ್ಯಾಟರಿ ಬೇಡ, ರೀಡರಿನ ಅಲೆಯಿಂದಲೇ ಕರೆಂಟ್.

ನೈಮೇಗನ್ ಕಥೆ. ನಿಮ್ಮ ಕಾರ್ಡ್ ಮೈಫೇರ್ ಕ್ಲಾಸಿಕ್ ಇರಬೇಕು, ಆ ರೀಡರ್ ಜೊತೆ ಬರುವುದು ಅದೇ. ಅದರ ಒಳಗಿನ ಕ್ರಿಪ್ಟೊ-1 ಅನ್ನುವ ಗುಟ್ಟಿನ ಲೆಕ್ಕವನ್ನು ಚಿಪ್ ಬಿಚ್ಚಿ ನೋಡಿ ಹೊರಗೆ ಹಾಕಿದ್ದು ಕಾರ್ಸ್ಟನ್ ನೋಲ್ ಮತ್ತು ಹೆನ್ರಿಕ್ ಪ್ಲೋಟ್ಸ್, 2007ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ. 2008ರಲ್ಲಿ ಇಲ್ಲಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಅದನ್ನು ಪೂರ್ತಿ ಮುರಿದರು. 48 ಬಿಟ್ ಕೀಲಿ. ಅವರ ಪ್ರಬಂಧ ಹೊರಬರದಂತೆ ಆ ಚಿಪ್ ಮಾಡುವ ಕಂಪನಿ ಎನ್‌ಎಕ್ಸ್‌ಪಿ ಕೋರ್ಟಿಗೆ ಹೋಯಿತು, ಜುಲೈನಲ್ಲಿ ಕೋರ್ಟ್ ಒಪ್ಪಲಿಲ್ಲ. ಆ ಕ್ಯಾಂಪಸ್ಸಿಗೆ ನಾನು ದಿನಾ ಸೈಕಲ್ಲಿನಲ್ಲಿ ಹೋಗುತ್ತೇನೆ. ನೀವು ಬಹುಶಃ ಆ ಕೀಲಿಯನ್ನೂ ಮುಟ್ಟದೆ ಬರೀ ಕಾರ್ಡಿನ ನಂಬರ್ ಓದುತ್ತಿದ್ದೀರಿ. ನಂಬರ್ ಬದಲಿಸಬಹುದಾದ ಖಾಲಿ ಕಾರ್ಡುಗಳು ಮಾರುಕಟ್ಟೆಯಲ್ಲಿವೆ. ಹಾಗಾದರೆ ಬೆಳಗಿನವನೂ ಸಂಜೆಯವನೂ ಕಾರ್ಡ್ ಕೈ ಬದಲಿಸುವುದೂ ಬೇಡ, ಇಬ್ಬರ ಹತ್ತಿರವೂ ಒಂದೊಂದು.

ಬೆಸುಗೆ_ಕಡ್ಡಿ

ಈಗಿನ ಹುಡುಗರು ಫೋನ್ ತಟ್ಟಿಯೂ ನೋಡುತ್ತಾರೆ. ಲಾಗಿನಲ್ಲಿ 08ರಿಂದ ಶುರುವಾಗುವ ನಂಬರ್ ಬಂದು, ಪ್ರತಿ ಸಲ ಬೇರೆ ಬೇರೆ ಇದ್ದರೆ ಗಾಬರಿ ಬೇಡ. ಅದು ಫೋನ್ ಕೊಡುವ ಹುಸಿ ನಂಬರ್.

ಮಾಳಮಡ್ಡಿ_ರೀಡಿಂಗ್‌ರೂಮ್

ನಾಲ್ಕು ವಾರ ಆಯಿತು. ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ.

ಬೆಸುಗೆಯವರೇ, ಕಾಲಿಗೆ ಬಿದ್ದೆ. ಗ್ರಿಲ್ಲೇ. ಡಿಲೇಯೂ ಇತ್ತು. ಹಳೇ ತೇಗದ ಕಿಟಕಿಯ ತುಂಡು ಸಿಕ್ಕಿತು, ಅದರ ಮೇಲೆ ರೀಡರ್ ಕೂರಿಸಿದೆ. ಕೋಡ್ ಬದಲಿಸಿದೆ. 30ರ ಕಾಟ ಮಾಯ. 08 ನಂಬರೂ ಇತ್ತು ಲಾಗಿನಲ್ಲಿ! ನಾನು ಅದನ್ನು ಭೂತ ಅಂದುಕೊಂಡಿದ್ದೆ.

ನಿಮ್ಮೆಲ್ಲರ ಮಾತು ಮೀರಿ ಗುಟ್ಟಿನ ತಾಳವನ್ನೂ ಒಂದು ಕೈ ನೋಡಿದೆ. ಎಂಟು ಜನ ಒಪ್ಪಿದರು. ಮೂರನೇ ದಿನ ಒಬ್ಬ ಕಾರ್ಡನ್ನು ಮೇಜಿನ ಮೇಲೆ ಮರೆತು ಹೊರಗೆ ಹೋಗಿದ್ದ. ಚಹಾ ತರುವ ಹುಡುಗ ಆ ಕಾರ್ಡ್ ಎತ್ತಿಕೊಂಡು, ಕೆಟಲ್ ಒಂದು ಕೈಯಲ್ಲಿ, ಕಾರ್ಡ್ ಒಂದು ಕೈಯಲ್ಲಿ, ತಾಳ ತಪ್ಪದೆ ತಟ್ಟಿ ಬಾಗಿಲು ತೆರೆದ. ‘ನಿನಗೆ ಯಾರು ಹೇಳಿದರು’ ಅಂದರೆ, ‘ದಿನಾ ಕೇಳ್ತೀನಲ್ರಿ ಅಣ್ಣಾ’ ಅಂದ. ಎಂಟರಲ್ಲಿ ಆರು ಜನರದ್ದು ಅವನಿಗೆ ಬಾಯಿಪಾಠ.

ಬಜರ್ ಕಿತ್ತೆ. ಆಗ ಇನ್ನೊಂದು ತಮಾಷೆ. ಬೀಪ್ ಇಲ್ಲದಿದ್ದರೆ ಆ ಎಂಟೂ ಜನಕ್ಕೆ ತಮ್ಮ ತಾಳ ತಮಗೇ ಸಿಗಲಿಲ್ಲ. ರೀಡರಿಗೆ ತಾಗಿತೋ ಇಲ್ಲವೋ ಅಂತ ಅನುಮಾನ, ಒಂದೊಂದು ತಟ್ಟಿಗೂ ನಿಂತು ನಿಂತು ಹಾಕುತ್ತಾರೆ. ಮದ್ದಳೆಯವರು ನಗುತ್ತಿರಬೇಕು. ಎರಡೇ ದಿನಕ್ಕೆ ಆ ಪ್ರಯೋಗ ಬಿಟ್ಟೆ, ಬಜರ್ ವಾಪಸ್ ಹಾಕಿದೆ.

ಆಮೇಲೆ ವಾಲ್ ದಂಡೆಯವರ ಹಳದಿ ಚುಕ್ಕೆ. ಗೋಡೆಗೆ ಚೀಟಿ ಅಂಟಿಸಿ ಎಲ್ಲರಿಗೂ ಹೇಳಿಯೇ ಶುರು ಮಾಡಿದೆ. ಬಹಳ ಜನರದ್ದು ಒಂದೇ ತಟ್ಟು, ಏನೂ ಹೇಳಲು ಬರುವುದಿಲ್ಲ. ಆದರೆ ಎರಡು ಕಾರ್ಡುಗಳಲ್ಲಿ ಮಾತ್ರ ಲೆಕ್ಕ ಸೀಳಿದ ಹಾಗೆ ಎರಡು ಗುಂಪು. ಬೆಳಗ್ಗೆ ಹಿಡಿತ 150ರ ಹತ್ತಿರ, ಸಂಜೆ 700ರ ಹತ್ತಿರ. ಒಂದು ದಿನವೂ ತಪ್ಪಿಲ್ಲ. ಸಿಕ್ಕರು ಮಕ್ಕಳು ಅಂದುಕೊಂಡೆ.

ಒಂದು ದಿನ ಸಂಜೆ ಮೊದಲನೇ ಕಾರ್ಡಿನ ಚುಕ್ಕೆ ಬಂತು, ಗಬಕ್ಕನೆ ತಿರುಗಿದೆ. ಬೆಳಗಿನ ಹುಡುಗನೇ. ಅವನೇ. ಸಂಜೆ ಒಂದು ಮೆಸ್ಸಿನಲ್ಲಿ ಬಡಿಸುವ ಕೆಲಸ ಮಾಡಿ, ಅಲ್ಲೇ ಊಟ ಕಟ್ಟಿಸಿಕೊಂಡು ಬರುತ್ತಾನೆ. ಬಲಗೈಯಲ್ಲಿ ಡಬ್ಬಿ. ಸಾರು ಚೆಲ್ಲಬಾರದು ಅಂತ ಎಡಗೈಯಲ್ಲಿ ಕಾರ್ಡ್ ಹಿಡಿದು ನಿಧಾನಕ್ಕೆ ತಟ್ಟುತ್ತಾನೆ. ನಾನು ತಿರುಗಿದ ರಭಸಕ್ಕೆ ಹೆದರಿ ‘ಏನಾಯ್ತು ಸರ್’ ಅಂದ. ಏನಿಲ್ಲ, ಊಟ ಮಾಡು ಅಂದೆ.

ಎರಡನೇ ಕಾರ್ಡಿನದ್ದು ನಿಜವಾಗಿ ಇಬ್ಬರು. ಅಣ್ಣ ತಮ್ಮ. ತಮ್ಮ ಬೆಳಗ್ಗೆ, ಅಣ್ಣ ಅಂಗಡಿ ಕೆಲಸ ಮುಗಿಸಿ ಸಂಜೆ. ಪೂರ್ತಿ ದಿನದ ದುಡ್ಡು ಇಬ್ಬರದ್ದೂ ಕೊಡಲು ಆಗುವುದಿಲ್ಲ, ಅರ್ಧ ದಿನ ಕೂರುವವರಿಗೆ ಅರ್ಧ ದುಡ್ಡು ಅಂತ ಇದ್ದಿದ್ದರೆ ಕೊಡುತ್ತಿದ್ದೆವು ಅಂದರು. ಹಾಗೊಂದು ಇಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ, ನೋಡಿ. ಈ ತಿಂಗಳಿಂದ ಬೆಳಗಿನ ಕಾರ್ಡ್ ನೀಲಿ, ಸಂಜೆಯ ಕಾರ್ಡ್ ಹಸಿರು. ಚೀಟಿ ಹಾಕಿದ ವಾರದಲ್ಲೇ ಒಂಬತ್ತು ಹಸಿರು ಹೋದವು. ಅದರಲ್ಲಿ ನಾಲ್ಕು ಜನರ ಮುಖ ನನಗೆ ಮೊದಲೇ ಪರಿಚಯ!

ತಂತಿಮನೆ

ಎಡಗೈಯ ಮಾತು ಓದಿ ಒಂದು ನೆನಪಾಯಿತು. ಅಪ್ಪನಿಗೆ ಕೊನೆಗೊಮ್ಮೆ ಬಲಗೈ ಮಣಿಕಟ್ಟು ಹಿಡಿದುಕೊಂಡಿತ್ತು. ತಿಂಗಳಾನುಗಟ್ಟಲೆ ಕೀ ಒತ್ತಿದವರಿಗೆ ಬರುವ ನೋವು ಅದು. ಎಡಗೈಯಲ್ಲಿ ಕಳಿಸಲು ಕೂತರೆ ಆ ಕಡೆಯವರು ನಡುವೆ ನಿಲ್ಲಿಸಿ ‘ನೀವು ಯಾರು’ ಅಂತ ಕೇಳಿದರಂತೆ.

ಸುಮ್ನೆ_ಓದುಗ

ಸರ್, ಹಸಿರು ಕಾರ್ಡ್ ಎಷ್ಟಕ್ಕೆ? ನನ್ನ ತಮ್ಮ ಧಾರವಾಡಕ್ಕೆ ಬರುತ್ತಿದ್ದಾನೆ.

ಮಾಳಮಡ್ಡಿ_ರೀಡಿಂಗ್‌ರೂಮ್

ಕ್ಯಾಮೆರಾ ನೋಡುವ ಕೆಲಸಕ್ಕೆ ಒಪ್ಪಿದರೆ ಪುಕ್ಕಟೆ. ಇಲ್ಲದಿದ್ದರೆ ಮೆಸೇಜ್ ಮಾಡಿ, ಕಿಟಕಿ ಪಕ್ಕದ ಕುರ್ಚಿ ಒಂದು ಖಾಲಿ ಇದೆ.